ಅಭ್ಯಾಸಕ್ಕೆ ಕಾರಣ ಕೇಳಿದಾಗ

ಯಾರಾದರೂ ಹೊಸ ಕಾದಂಬರಿ ಮುಗಿಸಿದ ಸುದ್ದಿ ಹೇಳಿದರೆ, ಪ್ರಕಾಶನದ ಕೆಲಸದಲ್ಲಿರುವ ನಮ್ಮಂಥವರ ಬಾಯಿಗೆ ಅಭಿನಂದನೆಯ ಬೆನ್ನಿಗೇ ಬರುವ ಪ್ರಶ್ನೆ ಒಂದೇ: ‘ನುಡಿಯಲ್ಲಿದೆಯೋ, ಯೂನಿಕೋಡಿನಲ್ಲಿದೆಯೋ?’ ಕಥೆ ಯಾವ ಊರಿನದು, ನಾಯಕಿ ಕೊನೆಗೆ ಏನಾದಳು, ಇವೆಲ್ಲ ಆಮೇಲಿನ ಮಾತು. ಬರೆದವರು ಹಿರಿಯರಾದರೆ ‘ವರ್ಡ್‌ನಲ್ಲಿದೆ ಮಾರಾಯ್ರೆ’ ಎನ್ನುತ್ತಾರೆ. ಫೈಲು ಬರುತ್ತದೆ, ತೆರೆಯುತ್ತೇವೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ನೆತ್ತಿಯ ಮೇಲೆ ಚುಕ್ಕಿ, ಗೀಟು, ಕೊಕ್ಕೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಫೈಲು ಕೆಟ್ಟಿದೆ ಎಂದು ಗಾಬರಿಯಾಗುತ್ತಾರೆ. ಕೆಟ್ಟಿರುವುದಿಲ್ಲ. ಬರೆದವರ ಕಂಪ್ಯೂಟರಿನಲ್ಲಿದ್ದ ಫಾಂಟು ನಮ್ಮದರಲ್ಲಿಲ್ಲ, ಅಷ್ಟೇ.

ಹಳೆಯ ಫಾಂಟುಗಳ ಏರ್ಪಾಡೇ ಅಂಥದ್ದು. ಇಂಗ್ಲಿಷಿಗೆ ಮೀಸಲಾದ ಜಾಗಗಳಲ್ಲಿ ನಮ್ಮ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ತಂದು ಕೂರಿಸಿದ್ದರು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷೇ. ಫಾಂಟು ಇದ್ದರೆ ಮಾತ್ರ ನಮ್ಮ ಕಣ್ಣಿಗೆ ಕನ್ನಡ. ಈ ಉಪಾಯ ಕಂಡುಕೊಂಡವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲೋಕದ ಲಿಪಿಗಳಿಗೆಲ್ಲ ಸ್ಥಾನ ಹಂಚುವ ಯೂನಿಕೋಡ್ ಪಟ್ಟಿಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಎತ್ತಿಟ್ಟಿದ್ದರು, ನಿಜ. ಆದರೆ ಪಟ್ಟಿಯಲ್ಲಿ ಜಾಗ ಸಿಕ್ಕಿದರೆ ಸಾಲದು. ಸ, ತ, ರ ಮೂರನ್ನೂ ಕೂಡಿಸಿ ‘ಸ್ತ್ರ’ ಮಾಡುವ ವಿದ್ಯೆ ಯಂತ್ರಕ್ಕೆ ಬರಬೇಕು. ವಿಂಡೋಸಿಗೆ ಅದು ಬಂದದ್ದು 2001ರ ಎಕ್ಸ್‌ಪಿಯ ಹೊತ್ತಿಗೆ, ತುಂಗಾ ಎಂಬ ಫಾಂಟಿನ ಜೊತೆ. ಅಲ್ಲಿಯವರೆಗೆ ನಮ್ಮ ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆ, ಚುನಾವಣೆಯ ಕರಪತ್ರಗಳೆಲ್ಲ ಕೈಕಟ್ಟಿ ಕಾಯುವುದು ಸಾಧ್ಯವಿತ್ತೇ? ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಸೀಸದ ಮೊಳೆ ಜೋಡಿಸುತ್ತಿದ್ದ ಎಷ್ಟೋ ಅಚ್ಚುಕೂಟಗಳು ಈ ಫಾಂಟುಗಳನ್ನು ನಂಬಿಯೇ ಡಿಟಿಪಿಗೆ ದಾಟಿದವು.

ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಎಂದರೆ ಆಗ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ. ಅಂದರೆ ವಿಂಡೋಸ್ ಕನ್ನಡ ಕಲಿತ ವರ್ಷವೇ ಪೇಜ್‌ಮೇಕರ್ ಕಲಿಯುವುದನ್ನು ನಿಲ್ಲಿಸಿತು. ಒತ್ತಕ್ಷರ ಕೂಡಿಸುವುದು ಅದಕ್ಕೆ ಕಡೆಗೂ ಬರಲಿಲ್ಲ. ಪುಟ ಕಟ್ಟುವವರಿಗೆ ಬೇರೆ ದಾರಿಯಿರಲಿಲ್ಲ. ಹಳೆಯ ಫಾಂಟಿನಲ್ಲೇ ಮುಂದುವರಿದರು. ಕಾರಣ ಗಟ್ಟಿಯಾಗಿತ್ತು.

ಈಗ ಆ ಕಾರಣ ಉಳಿದಿಲ್ಲ. ಇಂದಿನ ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಯೂನಿಕೋಡ್ ಕನ್ನಡವನ್ನು ಒತ್ತು, ದೀರ್ಘ ಸಮೇತ ಸರಿಯಾಗಿ ಕೂರಿಸುತ್ತದೆ. ಅಚ್ಚಿಗೆ ಒಪ್ಪುವ ಒಳ್ಳೆಯ ಯೂನಿಕೋಡ್ ಫಾಂಟುಗಳು ದುಡ್ಡಿಲ್ಲದೆ ಸಿಗುತ್ತವೆ. ಆದರೂ ಎಷ್ಟೋ ಕಡೆ ಹಳೆಯ ಫಾಂಟಿನಲ್ಲೇ ಪುಟ ಕಟ್ಟುವುದು ನಡೆದಿದೆ. ನಷ್ಟ ಸಣ್ಣದಲ್ಲ. ಹಾಗೆ ಕಟ್ಟಿದ ಪುಸ್ತಕದಲ್ಲಿ ಒಂದು ಪದ ಹುಡುಕಿದರೆ ಸಿಗುವುದಿಲ್ಲ. ಪದಸೂಚಿಯನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಯಂತ್ರ ಇಂಗ್ಲಿಷಿನ ಅನುಕ್ರಮದಲ್ಲಿ ಜೋಡಿಸಿಕೊಡುತ್ತದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಣ್ಣು ಕಾಣದ ಓದುಗರ ವಿಷಯ. ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುವುದನ್ನು ಕೇಳಿಸಿಕೊಂಡೇ ಅವರು ಪುಸ್ತಕ ಓದುತ್ತಾರೆ. ಯೂನಿಕೋಡಿನಲ್ಲಿದ್ದರೆ ಕನ್ನಡವನ್ನು ಕನ್ನಡವಾಗಿ ಓದಿ ಹೇಳುತ್ತದೆ. ಹಳೆಯ ಫಾಂಟಿನ ಪುಟವನ್ನು ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಉಚ್ಚರಿಸುತ್ತ ಹೋಗುತ್ತದೆ. ಒಂದು ಕಚೇರಿಯ ರೂಢಿ ಇನ್ನೊಬ್ಬರ ಓದನ್ನೇ ಕಸಿಯುತ್ತದೆ ಎಂದಾಗ ‘ನಮಗೆ ಇದೇ ರೂಢಿ’ ಎಂಬ ಉತ್ತರ ಒಪ್ಪತಕ್ಕದ್ದಲ್ಲ.

ಪರಿವರ್ತಕಗಳಿವೆಯಲ್ಲ ಎನ್ನುತ್ತೀರಿ. ಇವೆ, ದಿನವೂ ಬಳಸುತ್ತೇನೆ. ಆದರೆ ‘ಧರ್ಮ’ದಲ್ಲಿ ಒಂದು ತೊಡಕಿದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ರಕಾರ, ಆಮೇಲೆ ಮಕಾರ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ: ಮೊದಲು ಮ, ಅದರ ಬಲಕ್ಕೆ ಅರ್ಕಾವತ್ತು. ಪರಿವರ್ತಕ ಪ್ರತಿಯೊಂದು ಅರ್ಕಾವತ್ತನ್ನೂ ಹಿಡಿದು ಹಿಂದಕ್ಕೆ ದಾಟಿಸಬೇಕು. ‘ಕರ್ತೃತ್ವ’, ‘ವೈಶಿಷ್ಟ್ಯ’ಗಳಂಥ ಪದಗಳ ಹತ್ತಿರ ನಿಂತು ನಿಧಾನವಾಗಿ ನೋಡಲೇಬೇಕು. ಆ ನೋಡುವ ಕೆಲಸ ನನ್ನದು, ಮತ್ತು ಅದು ನನಗೆ ಪ್ರೀತಿಯ ಕೆಲಸ.

ಈ ಅಚ್ಚಿನ ಮನೆಯ ಪುರಾಣ ಯಾಕೆ ತೆಗೆದೆನೆಂದರೆ, ಇದನ್ನು ನೋಡುತ್ತ ನೋಡುತ್ತ ನನ್ನ ತಲೆಗೆ ಒಂದು ಪ್ರಶ್ನೆ ಅಂಟಿಕೊಂಡಿದೆ. ಯಂತ್ರದ ಜೊತೆಗಿನ ನಮ್ಮ ಒಂದೊಂದು ಅಭ್ಯಾಸವೂ ಯಾವುದೋ ಕಾಲದಲ್ಲಿ ಯಾವುದೋ ತಕ್ಕ ಕಾರಣದಿಂದ ಹುಟ್ಟಿದ್ದು. ಕಾರಣ ಎದ್ದುಹೋಗುತ್ತದೆ; ಅಭ್ಯಾಸ ಕುಳಿತೇ ಇರುತ್ತದೆ. ಹಾಗಾಗಿ ಈಚೆಗೆ ನನ್ನ ಕೈ, ಕಣ್ಣು, ಕಿವಿಯ ಅಭ್ಯಾಸಗಳನ್ನೆಲ್ಲ ಒಂದೊಂದಾಗಿ ಹಿಡಿದು ‘ನೀನು ಯಾಕೆ ಬಂದೆ?’ ಎಂದು ಕೇಳತೊಡಗಿದ್ದೇನೆ.

ಕೈಯಿಂದಲೇ ಶುರುಮಾಡುತ್ತೇನೆ. ನಾನು ಟೈಪು ಮಾಡುವುದು ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ. ನುಡಿಯ ಜೊತೆ ‘ಕಗಪ’ ಎಂದು ಮನೆಮಾತಾದ ವಿನ್ಯಾಸದ ಮೂಲ ಅದೇ. ಕನ್ನಡದ ಬೆರಳಚ್ಚು ಯಂತ್ರದ ಕೀಲಿಗಳನ್ನು ಹಿಂದೆ ಅನಂತಸುಬ್ಬರಾಯರು ಜೋಡಿಸಿಕೊಟ್ಟಿದ್ದರು. ಆದರೆ ಆ ಯಂತ್ರ ಅಕ್ಷರದ ಆಕಾರವನ್ನು ಹಾಳೆಗೆ ಒತ್ತುವಂಥದ್ದು; ಅಕ್ಷರದ ಆಕಾರಕ್ಕೆ ಎಷ್ಟು ತುಂಡುಗಳಿವೆಯೋ ಅಷ್ಟು ಕೀಲಿ ಬೇಕು. ಕಂಪ್ಯೂಟರಿಗೆ ಆಕಾರ ಒತ್ತುವ ಗೊಡವೆಯಿಲ್ಲ, ನಾವು ಯಾವ ಅಕ್ಷರ ಹೇಳಿದೆವು ಎಂದು ಗೊತ್ತಾದರೆ ಸಾಕು, ಆಕಾರ ಅದೇ ಮಾಡಿಕೊಳ್ಳುತ್ತದೆ. ಕೆ.ಪಿ. ರಾಯರು ಹಿಡಿದದ್ದು ಆ ಎಳೆಯನ್ನು. ಕ ಒತ್ತಬೇಕಾದರೆ ಇಂಗ್ಲಿಷಿನ ಕೆ, ಖ ಬೇಕಾದರೆ ಅದೇ ಕೀಲಿಯನ್ನು ಶಿಫ್ಟ್ ಹಿಡಿದು. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಮೇಲೆ. ನಕಾರದ ಮೇಲೆ ಣಕಾರ, ಲಕಾರದ ಮೇಲೆ ಳಕಾರ. ಒತ್ತು ಬೇಕಾದರೆ ನಡುವೆ ಎಡಗೈ ತೋರುಬೆರಳಿನ ಎಫ್. ‘ಕ್ಷ’ ಎಂದರೆ ಕೆ, ಎಫ್, ಎಕ್ಸ್: ಕ, ಅರ್ಧಾಕ್ಷರದ ಗುರುತು, ಷ. ವ್ಯಾಕರಣದ ಮೇಷ್ಟ್ರು ಕರಿಹಲಗೆಯ ಮೇಲೆ ಬಿಡಿಸಿ ಬರೆಯುತ್ತಿದ್ದ ಕ್ರಮವೇ. ಈ ಕೀಲಿಮಣೆಯಲ್ಲಿ ಬರೆಯುವಾಗ ನನ್ನ ಬೆರಳು ದಿನವಿಡೀ ಕನ್ನಡದ ವರ್ಣಮಾಲೆಯ ತರ್ಕವನ್ನು ಅನುಸರಿಸುತ್ತಿರುತ್ತದೆ. ರಾಯರು ಅದನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ತಮ್ಮ ಲಿಪಿ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಮೂಡಿಗೆರೆಯ ತೋಟದಲ್ಲಿ ಕುಳಿತ ಸಾಹಿತಿ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ನಿಲ್ಲದಿದ್ದರೆ ಮುಂದೆ ಎಲ್ಲೂ ನಿಲ್ಲುವುದಿಲ್ಲ ಎಂಬ ಕಾಳಜಿಯಿಂದ ತಂತ್ರಾಂಶದ ಬೆನ್ನು ಹತ್ತಿದರು. ಇವರೆಲ್ಲರ ಋಣ ನನ್ನ ಹತ್ತು ಬೆರಳಿನ ಮೇಲೂ ಇದೆ.

ಇಂಗ್ಲಿಷಿನ ಕೆ ಆ ಜಾಗದಲ್ಲಿ ಯಾಕಿದೆ ಎಂದರೆ ಅದೂ ಒಂದು ಹಳೆಯ ರೂಢಿ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಅವನ ಜೊತೆಗಾರರು ಮಾಡಿದ ಬೆರಳಚ್ಚು ಯಂತ್ರ ರೆಮಿಂಗ್ಟನ್ ಕಂಪನಿಯಿಂದ ಮಾರುಕಟ್ಟೆಗೆ ಬಂದದ್ದು 1870ರ ದಶಕದಲ್ಲಿ. ಆ ಯಂತ್ರ ಮ್ಯೂಸಿಯಂ ಸೇರಿ ಎಷ್ಟೋ ಕಾಲವಾಯಿತು. ಅದರ ಕೀಲಿಗಳ ಸಾಲು ಗಾಜಿನ ಮೇಲೆ ಬೆರಳಾಡಿಸುವ ಫೋನಿನಲ್ಲೂ ಬಹುತೇಕ ಹಾಗೇ ಇದೆ. ಕಾರಣ ಹೋಗಿದೆ. ಆದರೆ ಇದನ್ನು ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ, ಯಾಕೆಂದರೆ ಎಲ್ಲರ ಕೈಯೂ ಅದಕ್ಕೆ ಪಳಗಿದೆ. ಇದರಿಂದ ಯಾರ ಓದೂ ನಿಲ್ಲುವುದಿಲ್ಲ. ಪೇಜ್‌ಮೇಕರಿನ ಫಾಂಟಿಗೂ ಇದಕ್ಕೂ ಇರುವ ವ್ಯತ್ಯಾಸ ಅದು.

ಇನ್ನೊಂದು ಕೈಯ ಅಭ್ಯಾಸ: ಎರಡು ವಾಕ್ಯಕ್ಕೊಮ್ಮೆ ಕಂಟ್ರೋಲ್ ಹಿಡಿದು ಎಸ್ ಒತ್ತುವುದು. ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ, ಯುಪಿಎಸ್ ಇಲ್ಲದ ದಿನಗಳ ಕೊಡುಗೆ. ಈಗ ತಂತ್ರಾಂಶವೇ ಉಳಿಸಿಕೊಳ್ಳುತ್ತದೆ. ಆದರೂ ವಾಕ್ಯ ಮುಗಿದದ್ದಕ್ಕೆ ಕೈ ಒಂದು ಗುರುತು ಹಾಕಿದ ಹಾಗೆ ಇರುತ್ತದೆ, ಬಿಟ್ಟಿಲ್ಲ.

ಕೊನೆಯ ಕರಡನ್ನು ಕಾಗದದ ಮೇಲೆ ಮುದ್ರಿಸಿ ಕೆಂಪು ಶಾಯಿಯಲ್ಲಿ ತಿದ್ದುವ ಪದ್ಧತಿಯನ್ನು ಕಚೇರಿಯ ಕಿರಿಯರು ಹಳೇ ಕಾಲದ್ದೆನ್ನುತ್ತಾರೆ. ಇದಕ್ಕೆ ಕಾರಣ ಇನ್ನೂ ಜೀವಂತವಾಗಿದೆ. ಪರದೆಯ ಮೇಲೆ ಕಣ್ಣು ಓಡುತ್ತದೆ; ‘ಅಧ್ಯಯನ’ ಎಂದು ಇರಬೇಕಾದಲ್ಲಿ ‘ಅಧ್ಯಾಯನ’ ಎಂದಿದ್ದರೂ ತನಗೆ ಗೊತ್ತಿರುವ ಪದವನ್ನೇ ಓದಿಕೊಂಡು ದಾಟಿಬಿಡುತ್ತದೆ. ಕಾಗದದ ಮೇಲೆ ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟು ಓದಿದರೆ ಸಿಕ್ಕಿಬೀಳುತ್ತದೆ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಟಕಾರಕ್ಕೂ ವಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವಿರುತ್ತದೆ. ಆ ಅಕ್ಷರ ಬಿದ್ದುಹೋದರೆ ವಕಾರ ಟಕಾರದ ಒತ್ತಾಗಿ ‘ಸಾಫ್ಟ್ವೇರ್’ ಎಂದಾಗುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವಾಗ ಈ ಕಾಣದ ಅಕ್ಷರಗಳು ಉದುರುವುದುಂಟು. ಅವುಗಳನ್ನು ಹಿಡಿಯುವುದಕ್ಕೆ ಕಾಗದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಇನ್ನು ಫೋನು. ನಮ್ಮ ಹಿರಿಯರು ಫೋನಿನಲ್ಲಿ ಊರೆಲ್ಲ ಕೇಳುವಂತೆ ಮಾತಾಡುವುದು ನಿಮಗೂ ಗೊತ್ತು. ಟ್ರಂಕ್ ಕಾಲ್ ಕಾಯ್ದಿರಿಸಿ, ಗಂಟೆಗಟ್ಟಲೆ ಕಾದು, ತಂತಿಯ ಗೊರಗೊರದ ನಡುವೆ ‘ಹಲೋ, ಹಲೋ’ ಎಂದು ಕೂಗಿದ ಗಂಟಲು ಅದು. ಮಿಸ್ಡ್ ಕಾಲ್ ಕೊಡುವುದೂ ಹಾಗೆಯೇ. ಈ ದೇಶದಲ್ಲಿ ಮೊಬೈಲ್ ಶುರುವಾದದ್ದು 1995ರಲ್ಲಿ. ಬಂದ ಕರೆಗೂ ದುಡ್ಡು ತೆರುವುದು ತಪ್ಪಿದ್ದು 2003ರಲ್ಲಿ. ಆಮೇಲೂ ಬಹಳ ಕಾಲ ಕರೆ ಮಾಡುವವರಿಗೆ ನಿಮಿಷದ ಲೆಕ್ಕವಿತ್ತು. ‘ಬಸ್ ಸಿಕ್ಕಿತು ಅಂದರೆ ಒಂದು ಮಿಸ್ಡ್ ಕಾಲ್ ಕೊಡು’ ಎಂದು ಹೇಳಿ ಕಳಿಸುತ್ತಿದ್ದ ಕಾಲ. ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮ ಈಗಲೂ ಮಿಸ್ಡ್ ಕಾಲ್ ಕೊಡುತ್ತಾಳೆ, ಅವಳ ಸಿಮ್ಮಿಗೆ ತಿಂಗಳಿಡೀ ಎಷ್ಟು ಮಾತಾಡಿದರೂ ಬೇರೆ ಖರ್ಚಿಲ್ಲ ಎಂದು ಗೊತ್ತಿದ್ದೂ. ಅದಕ್ಕೆ ಈಗ ಬೇರೆಯೇ ಕಾರಣ ಹುಟ್ಟಿಕೊಂಡಿದೆ: ‘ನೀನು ಆಪೀಸಲ್ಲಿ ಎಂಥ ಕೆಲಸದಲ್ಲಿರ್ತೀಯೋ ಏನೋ, ಪುರುಸೊತ್ತಾದಾಗ ನೀನೇ ಮಾಡು’. ಇಷ್ಟು ಮರ್ಯಾದೆಯ ಪದ್ಧತಿಯನ್ನು ಹೊಸ ಫೋನುಗಳ ಯಾವ ಸೌಲಭ್ಯದಲ್ಲೂ ನಾನು ಕಂಡಿಲ್ಲ.

ಆದರೆ ಫೋನಿನ ಒಂದು ಅಭ್ಯಾಸದ ಮೇಲೆ ನನಗೆ ಖಂಡಿತ ಸಿಟ್ಟಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ಇದರ ಹುಟ್ಟಿನ ಕಾರಣವೂ ಪೂರ್ತಿ ತಾಂತ್ರಿಕವೇ. ಹಳೆಯ ಎಸ್‌ಎಂಎಸ್‌ನಲ್ಲಿ ಇಂಗ್ಲಿಷಾದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸುತ್ತಿತ್ತು. ಕನ್ನಡ ಲಿಪಿಯಾದರೆ 70 ಮಾತ್ರ, ಯಾಕೆಂದರೆ ನಮ್ಮ ಒಂದೊಂದು ಅಕ್ಷರಕ್ಕೂ ಹೆಚ್ಚು ಜಾಗ ಬೇಕು. ಆ 70ರಲ್ಲೂ ಕಾಗುಣಿತದ ಗುರುತು, ಒತ್ತಿನ ಗುರುತು ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಸ್ತ್ರೀ’ ಎಂಬ ಒಂದು ಅಕ್ಷರವೇ ಆರು ಸ್ಥಾನ ನುಂಗುತ್ತದೆ. ಅಷ್ಟು ಕಷ್ಟಪಟ್ಟು ಕಳಿಸಿದರೂ ಎದುರಿನವರ ಫೋನಿನಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಇಂಗ್ಲಿಷ್ ಅಕ್ಷರ ಹಿಡಿದವರದು ತಪ್ಪಲ್ಲ. ಈಗ ಆ ಮಿತಿಯೂ ಇಲ್ಲ, ಚೌಕಗಳೂ ಇಲ್ಲ. ಪ್ರತಿ ಫೋನಿನಲ್ಲೂ ಕನ್ನಡದ ಕೀಲಿಮಣೆ ಇದೆ. ಆದರೂ ಕನ್ನಡ ಶಾಲೆಯಲ್ಲಿ ಓದಿದ, ಅಂದವಾಗಿ ಕನ್ನಡ ಬರೆಯಬಲ್ಲ ನನ್ನ ಸ್ನೇಹಿತರು ಬೇಳೆಗೂ ಬೆಲೆಗೂ ವ್ಯತ್ಯಾಸ ತಿಳಿಯದಂತೆ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಾರೆ, ನಾನು ಊಹಿಸಿ ಓದಬೇಕು. ಅವರಿಗೆಲ್ಲ ನಾನು ಕನ್ನಡ ಲಿಪಿಯಲ್ಲೇ ಉತ್ತರ ಬರೆಯುತ್ತೇನೆ. ಉಪದೇಶ ಮಾಡುವುದಿಲ್ಲ. ಕೆಲವರು ತಾವಾಗಿಯೇ ಲಿಪಿ ಬದಲಿಸಿಕೊಂಡರು. ಅಂಥ ದಿನ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ತಳ್ಳುಗಾಡಿಯಲ್ಲಿ ಸೊಪ್ಪು ಕೊಂಡು ಫೋನಿನಲ್ಲಿ ದುಡ್ಡು ಕೊಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುಪಿಐ 2016ರಲ್ಲಿ ಬಂತು, ಚಿಲ್ಲರೆಯ ಜಗಳ ಹೋಯಿತು, ಒಳ್ಳೆಯದಾಯಿತು.

ಹೇಳಬೇಕಾದದ್ದು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋಗುವ ಚಟದ ಬಗ್ಗೆ. ಉಳಿದವಕ್ಕೆಲ್ಲ ಹುಟ್ಟುವಾಗ ಬಳಸುವವನ ಕಡೆಯಿಂದ ಒಂದು ಕಾರಣವಿತ್ತು: ದುಡ್ಡಿಲ್ಲ, ಕರೆಂಟಿಲ್ಲ, ಫಾಂಟಿಲ್ಲ. ಇದಕ್ಕೆ ಮಾತ್ರ ನನ್ನ ಕಡೆಯಿಂದ ಯಾವ ಕಾರಣವೂ ಸಿಗಲಿಲ್ಲ. ಪುಟ ಮುಗಿದಾಗ ‘ಮುಂದಿನ ಪುಟ’ ಎಂದು ಒತ್ತಬೇಕಾದ ಕಾಲವೊಂದಿತ್ತು. ಒತ್ತುವ ಮುಂಚೆ ಒಂದು ಕ್ಷಣ ಮನಸ್ಸು ‘ಸಾಕಾ?’ ಎಂದು ಕೇಳುತ್ತಿತ್ತು. ಆ ಗುಂಡಿಯನ್ನು ತೆಗೆದು, ಕೆಳಗೆ ಬಂದಂತೆಲ್ಲ ತಾನಾಗಿ ಇನ್ನಷ್ಟು ತುಂಬಿಕೊಳ್ಳುವ ಏರ್ಪಾಡನ್ನು 2006ರಲ್ಲಿ ಮಾಡಿದವರು ಆಜಾ ರಾಸ್ಕಿನ್ ಎಂಬ ವಿನ್ಯಾಸಕಾರರು. ಆಮೇಲೆ ಅವರೇ ಅದರ ಬಗ್ಗೆ ಪಶ್ಚಾತ್ತಾಪ ಪಟ್ಟು ಬಹಿರಂಗವಾಗಿ ಮಾತಾಡಿದ್ದಾರೆ. ನಮ್ಮ ಕಡೆ ರಾತ್ರಿಯಿಡೀ ಆಡುವ ಯಕ್ಷಗಾನಕ್ಕೂ ಬೆಳಗಿನ ಜಾವ ಮಂಗಳ ಹಾಡುತ್ತಾರೆ. ಚಂಡೆ ನಿಂತಿತೆಂದರೆ ಚಾಪೆ ಮಡಚಿ ಮನೆಗೆ ಹೋಗುತ್ತೇವೆ. ಈ ಆಟಕ್ಕೆ ಮಂಗಳವೇ ಇಲ್ಲ. ಅದಕ್ಕೇ ನನ್ನ ಫೋನು ರಾತ್ರಿ ನಡುಮನೆಯ ಕಪಾಟಿನಲ್ಲಿ ಮಲಗುತ್ತದೆ. ಎಬ್ಬಿಸುವುದಕ್ಕೆ ಬೇರೆ ಗಡಿಯಾರ ಇಟ್ಟಿದ್ದೇನೆ. ಬೆಳಿಗ್ಗೆ ಮೊದಲು ಪತ್ರಿಕೆ, ಅದೂ ಕಾಗದದ್ದು. ಅದಕ್ಕೆ ಕೊನೆಯ ಪುಟವಿದೆ ಎಂಬುದು ನನಗೆ ದೊಡ್ಡ ಗುಣವಾಗಿ ಕಾಣುತ್ತದೆ.

ಫೋನನ್ನು ನೋಡುವ ಬಗೆ ಹೇಗಿರಬೇಕೆಂದು ನನಗೆ ತೋರಿಸಿಕೊಟ್ಟವನು ಊರಿನ ತಮ್ಮ. ಸಂಜೆ ಕಾಫಿಯ ಹೊತ್ತಿಗೆ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಬರುತ್ತದೆ: ಸರಕು, ಬೆಟ್ಟೆ, ರಾಶಿ, ಗೊರಬಲು. ನೋಡುತ್ತಾನೆ, ಹೆಂಡತಿಗೆ ‘ರಾಶಿ ಸ್ವಲ್ಪ ಏರಿದೆ’ ಎನ್ನುತ್ತಾನೆ, ಅಂಗಿಯ ಜೇಬಿಗೆ ಹಾಕಿಕೊಂಡು ತೋಟಕ್ಕೆ ಇಳಿಯುತ್ತಾನೆ. ಬೇಕಾದದ್ದು ಗೊತ್ತಿತ್ತು, ಸಿಕ್ಕಿತು, ಮುಗಿಯಿತು. ಹಿಂದೆ ಇದೇ ಸುದ್ದಿಗೆ ಪೇಟೆಗೆ ಹೋದವರು ವಾಪಸು ಬರುವುದನ್ನು ಕಾಯಬೇಕಿತ್ತು. ಬೆಳೆದವನಿಗೆ ಬೆಲೆ ಅಂದೇ ಗೊತ್ತಾಗುವುದು ಎಷ್ಟು ದೊಡ್ಡ ವಿಷಯ ಎಂಬುದನ್ನು ಫೋನನ್ನು ಬಯ್ಯುವ ಭರದಲ್ಲಿ ನಾವು ಮರೆಯಬಾರದು.

ಇಷ್ಟು ಹಳೆಯ ಅಭ್ಯಾಸಗಳ ಮಾತಾಯಿತು. ಈಗ ನನ್ನ ಕಣ್ಣೆದುರಿಗೇ ಹುಟ್ಟುತ್ತಿರುವ ಒಂದಿದೆ, ಅದರ ವಿಷಯದಲ್ಲಿ ನನಗೆ ಆತಂಕ. ಚಿಕ್ಕಮ್ಮನಿಗೆ ಬೆರಳ ಗಂಟಿನ ನೋವು, ಫೋನಿನ ಸಣ್ಣ ಕೀಲಿ ಒತ್ತಲು ಆಗುವುದಿಲ್ಲ. ಮೊಮ್ಮಗಳು ದನಿಯಿಂದ ಬರೆಯುವುದನ್ನು ಹೇಳಿಕೊಟ್ಟಳು: ಮೈಕಿನ ಚಿತ್ರ ಮುಟ್ಟಿ ಮಾತಾಡಿದರೆ ಅಕ್ಷರವಾಗುತ್ತದೆ. ಎಷ್ಟೋ ವರ್ಷದಿಂದ ಯಾರಿಗೂ ಕಾಗದ ಬರೆಯದಿದ್ದ ಚಿಕ್ಕಮ್ಮ ಈಗ ಉದ್ದುದ್ದ ಬರೆಯುತ್ತಾಳೆ. ನನಗೆ ಈ ಉಪಕಾರದ ಮುಂದೆ ಉಳಿದ ದೂರುಗಳೆಲ್ಲ ಸಣ್ಣವು ಎನಿಸಿದ್ದುಂಟು. ಆದರೆ ಅವಳು ಮಾತಾಡುವ ಮಲೆನಾಡಿನ ಕನ್ನಡ ಯಂತ್ರಕ್ಕೆ ಪೂರ್ತಿ ಬಾರದು. ಚೊಗರು ಎಂದರೆ ಇನ್ನೇನೋ ಬರೆಯುತ್ತದೆ. ಮಳೆಗೆ ಹೊದೆಯುವ ಗೊರಬು ಎಂದರೂ ಅಷ್ಟೆ. ಮೊದಮೊದಲು ಎರಡೆರಡು ಸಲ ಹೇಳುತ್ತಿದ್ದಳು. ಈಚಿನ ಕಾಗದಗಳಲ್ಲಿ ಚೊಗರಿನ ಬದಲು ‘ಅಡಿಕೆ ಬೇಯಿಸಿದ ಕೆಂಪು ನೀರು’ ಎಂದು ಬರುತ್ತಿದೆ. ಕೇಳಿದರೆ, ‘ಅದಕ್ಕೆ ತಿಳಿಯೋ ಹಾಂಗೆ ಹೇಳ್ಬೇಕಲ್ಲ ಮಗಾ’ ಎಂದಳು.

ನನಗೆ ಪೇಜ್‌ಮೇಕರ್ ನೆನಪಾಯಿತು. ಇಂದಿನ ಯಂತ್ರದ ಒಂದು ಅರೆಕೊರೆ, ಅದಕ್ಕೆ ಹೊಂದಿಕೊಂಡ ಒಂದು ಮಾತಿನ ರೂಢಿ. ನಾಳೆ ಯಂತ್ರ ಕಲಿತೀತು. ಅಷ್ಟರಲ್ಲಿ ಚಿಕ್ಕಮ್ಮ ಚೊಗರು ಎನ್ನುವುದನ್ನೇ ಬಿಟ್ಟಿದ್ದರೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆ ಸೇರಿ ‘ವಾಣಿ’ ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನು ಧ್ವನಿಮುದ್ರಿಸಿ ಕೂಡಿಡುತ್ತಿದ್ದಾರೆ. ಪುಸ್ತಕದ ಕನ್ನಡವಷ್ಟೇ ಅಲ್ಲ, ಜನ ಆಡುವ ಕನ್ನಡ. ಇಂಥ ಕೆಲಸ ನಡೆಯುತ್ತಿರುವುದು ನನಗೆ ಧೈರ್ಯ ಕೊಡುತ್ತದೆ. ಅದು ಚಿಕ್ಕಮ್ಮನ ಅಡುಗೆಮನೆಯವರೆಗೆ ಬರಲು ಸಮಯ ಹಿಡಿಯುತ್ತದೆ, ಅವಳಿಗೆ ಎಂಬತ್ತು ದಾಟಿದೆ.

ಆದ್ದರಿಂದ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ನನಗೆ ಹೇಳುವುದಿದ್ದರೆ ದನಿಯಿಂದ ಬರೆಯುವುದು ಬೇಡ, ಸುಮ್ಮನೆ ಮಾತಾಡಿ ಧ್ವನಿಯನ್ನೇ ಕಳಿಸು, ನಿನ್ನ ಮಾತು ಹೇಗಿದೆಯೋ ಹಾಗೇ ನಾನು ಅಕ್ಷರಕ್ಕೆ ಇಳಿಸುತ್ತೇನೆ ಎಂದಿದ್ದೇನೆ. ಭಾನುವಾರಗಳಂದು ಹೆಡ್‌ಫೋನು ಹಾಕಿಕೊಂಡು ಅದನ್ನೇ ಮಾಡುತ್ತೇನೆ, ಕಗಪದಲ್ಲಿ, ಯೂನಿಕೋಡಿನಲ್ಲಿ. ಅಪ್ಪೆಮಿಡಿಯನ್ನು ಭರಣಿಗೆ ಹಾಕುವ ಕ್ರಮ ಮುಗಿದಿದೆ. ಮಳೆಗಾಲದ ನಾಟಿಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದವರ ಕಥೆ ಅರ್ಧ ಆಗಿದೆ. ನಡುವೆ ನಾಯಿ ಬೊಗಳಿದರೆ ಅದನ್ನು ಗದರಿಸಿದ ಮಾತೂ ಇರುತ್ತದೆ, ಅದನ್ನೂ ಬರೆದುಕೊಳ್ಳುತ್ತೇನೆ. ಅಡಿಕೆ ಬೇಯಿಸುವ ಹಂಡೆ, ಒಲೆ, ಚೊಗರಿನ ವಿಷಯ ಕೊಯ್ಲಿನ ಹೊತ್ತಿಗೆ ಹೇಳುತ್ತೇನೆ, ಈಗ ಹೇಳಿದರೆ ನಿನಗೆ ವಾಸನೆ ಗೊತ್ತಾಗುವುದಿಲ್ಲ ಎಂದಿದ್ದಾಳೆ.